ಗುಲಾಬಿಯ ಬದಲಿಗೆ

ನಾನು ಒಳಗೆ ಹೋಗಬೇಕಾದರೆ ಒಳಗಿನಿಂದ ಯಾರಾದರೂ ಒಬ್ಬರು ಹೊರಗೆ ಬರಬೇಕಿತ್ತು. ಕೋಟೆಬಾಗಿಲಿನ ಹೊರಗೆ ಸೋಡಾ, ಬಾಳೆಹಣ್ಣು ಮಾರುವ ಹಸನಬ್ಬ ಅದನ್ನು ಬಸ್ಸಿನ ಸಮಯ ಹೇಳಿದಷ್ಟೇ ಸಲೀಸಾಗಿ ಹೇಳಿದರು. “ನಿಮ್ಮ ಅದೃಷ್ಟ ಚೆನ್ನಾಗುಂಟು. ಇವತ್ತು ಒಬ್ಬಳು ಹೊರಗೆ ಹೋಗ್ಲಿಕ್ಕಿದ್ದಾಳೆ. ಅವಳ ಬದಲಿಗೆ ನೀವು ಒಳಗೆ ಹೋಗಿ. ಸಂಜೆ ಅವಳು ಬರ್ತಾಳೆ, ನೀವು ಹೊರಗೆ ಬನ್ನಿ. ಅಷ್ಟೇ.”

ನಾನೂ ನನ್ನ ತಂಗಿ ಸುಕನ್ಯಾಳೂ ಸೇರಿ ನಮ್ಮೂರಿನಲ್ಲಿ ಶಾಲೆಯ ಯೂನಿಫಾರಂ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇವೆ. ಅವಳು ಮದುವೆಯಾಗಲಿಲ್ಲ, ನಾನು ಆಗಿ ಗಂಡನನ್ನು ಬೇಗ ಕಳೆದುಕೊಂಡೆ. ಬೇಸಿಗೆ ರಜೆಯ ಶುರುವಿನಲ್ಲಿ ಕೆಲಸ ಸ್ವಲ್ಪ ಸಡಿಲ. ಯಾರೋ ಕೊಟ್ಟ ಕ್ಯಾಲೆಂಡರಿನಲ್ಲಿ ಈ ಗೋಡೆಯ ಚಿತ್ರವಿತ್ತು. ಎರಡು ಬದಿಗೂ ಸಮುದ್ರ, ನಡುವೆ ಭೂಮಿಯ ಕುತ್ತಿಗೆಗೆ ಕಟ್ಟಿದ ಪಟ್ಟಿಯ ಹಾಗೆ ಕಪ್ಪು ಗೋಡೆ. ಹೊಲಿಗೆ ಮೆಷಿನ್ನಿನ ಎದುರು ಅದನ್ನೇ ನೋಡಿ ನೋಡಿ ಒಮ್ಮೆ ಹೋಗಿಬರಬೇಕು ಅನ್ನಿಸಿತು. “ಗೋಡೆ ನೋಡೋಕೆ ಅಷ್ಟು ದೂರ ಯಾಕೆ ಹೋಗ್ತೀಯಾ ಅಕ್ಕ, ಹಿತ್ತಲಲ್ಲೇ ಇದೆಯಲ್ಲ” ಎಂದು ಸುಕನ್ಯಾ ನಕ್ಕಿದ್ದಳು.

ಹತ್ತಿರದಿಂದ ನೋಡಿದಾಗ ನಗು ಬರುವಂಥ ಗೋಡೆಯಲ್ಲ ಅದು. ಕುದುರೆಯ ಮೇಲೆ ಬರುವವರನ್ನು ತಡೆಯಲು ಯಾವುದೋ ಕಾಲದಲ್ಲಿ ಯಾರೋ ಕಟ್ಟಿದ್ದಂತೆ. ಈ ಕಡಲಿನಿಂದ ಆ ಕಡಲಿನವರೆಗೆ ಒಂದೇ ಉದ್ದಕ್ಕೆ ನಿಂತಿತ್ತು. ಇದ್ದದ್ದು ಒಂದೇ ಬಾಗಿಲು. ಆಚೆ ಭೂಮಿ ಸಮುದ್ರದೊಳಕ್ಕೆ ಚಾಚಿಕೊಂಡಿತ್ತು, ಅದರ ಮೇಲೆ ಊರು. ಉಳಿದ ಮೂರು ಕಡೆಯೂ ಕಡಿದಾದ ಬಂಡೆ, ದೋಣಿ ಹತ್ತಿರ ಬರುವ ಹಾಗಿಲ್ಲ.

ಬಾಗಿಲಿನ ಒಳಬದಿಯಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಮೂವತ್ತರ ಆಸುಪಾಸಿನವಳು. ಮಡಿಕೆ ಮುರಿಯದ ಹಸಿರು ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಹಸನಬ್ಬ ನನ್ನನ್ನು ಹೊರಬದಿಯ ಹೊಸ್ತಿಲಿಗೆ ತಂದು ನಿಲ್ಲಿಸಿ “ಒಟ್ಟಿಗೆ ಕಾಲಿಡ್ಬೇಕು” ಎಂದರು. ಇಟ್ಟೆವು. ಅವಳ ಭುಜ ನನ್ನ ಭುಜಕ್ಕೆ ಉಜ್ಜಿತು. ಆ ಕಡೆಗೆ ಹೋದ ಮೇಲೆ ತಿರುಗಿ “ನನ್ನ ಹೆಸರು ಗುಲಾಬಿ. ಅಮ್ಮನಿಗೆ ಹುಷಾರಿಲ್ಲ, ನೋಡಿಕೊಂಡು ಸಂಜೆ ಬಸ್ಸಿಗೆ ಬರ್ತೇನೆ. ಮಧ್ಯಾಹ್ನ ನಮ್ಮ ಮನೆಯಲ್ಲೇ ಊಟ ಮಾಡ್ಬೇಕು ನೀವು, ಗಂಜಿ, ಸಿಗಡಿ ಚಟ್ನಿ ಉಂಟು” ಎಂದಳು. ಬಸ್ಸು ಹಾರ್ನ್ ಹೊಡೆಯಿತು. ಓಡಿದಳು.

ಬದಲಿಗೆ ಬಂದವರಿಗೆ ಹೊರಗೆ ಹೋದವರ ಮನೆಯಲ್ಲಿ ಊಟ ಹಾಕುವುದು ಅಲ್ಲಿಯ ಪದ್ಧತಿ. ಗುಲಾಬಿಯ ಗಂಡ ದೂಮಣ್ಣ ನನ್ನನ್ನು ಕರೆದುಕೊಂಡು ಹೋಗಲು ಕಾದಿದ್ದ. ತೆಂಗಿನ ನಾರಿನ ಹಗ್ಗ ಹೊಸೆಯುವವನು, ಅಂಗೈ ಒರಟು, ಮಾತು ಕಡಿಮೆ. ಅವನ ಬೆನ್ನ ಹಿಂದೆ ನಿಂತು ನನ್ನನ್ನು ನೋಡುತ್ತಿದ್ದ ಹುಡುಗಿ ಶಶಿ, ಅವರ ಮಗಳು. ಎರಡನೇ ಕ್ಲಾಸಿರಬೇಕು.

ದೂಮಣ್ಣ ನನ್ನನ್ನು ಗೋಡೆಯ ಮೇಲೆ ಹತ್ತಿಸಿದ. ಮೇಲೆ ಎರಡು ಎತ್ತಿನ ಗಾಡಿ ಅಕ್ಕಪಕ್ಕ ಹೋಗುವಷ್ಟು ಅಗಲ. ಬಾಣ ಬಿಡುವ ಕಿಂಡಿಗಳಲ್ಲಿ ಪಾರಿವಾಳಗಳು. ಬಲಕ್ಕೆ ತಿರುಗಿದರೆ ಅಲೆ ಏಳುವ ಕಡಲು, ಎಡಕ್ಕೆ ತಿರುಗಿದರೆ ಕೆರೆಯಷ್ಟು ಸುಮ್ಮನಿರುವ ಕಡಲು. ಒಳಬದಿಯ ಮನೆಗಳು ಗೋಡೆಗೇ ಬೆನ್ನು ಕೊಟ್ಟು ನಿಂತಿದ್ದವು. ಗೋಡೆಯೇ ಅವುಗಳ ಹಿಂಗೋಡೆ. ಹೆಂಗಸರು ಬಟ್ಟೆ ಒಣಗಿಸುತ್ತ, ಮೀನು ಹೆಚ್ಚುತ್ತ, ನಡುನಡುವೆ ಅಂಗೈಯನ್ನು ಆ ಕಲ್ಲಿಗೆ ಒತ್ತಿ ಮತ್ತೆ ಕೆಲಸಕ್ಕೆ ತೊಡಗುತ್ತಿದ್ದರು. ಹಾಲು ಉಕ್ಕುತ್ತದೆಯೋ ಎಂದು ನಾವು ಒಲೆಯ ಕಡೆ ಕಣ್ಣು ಹಾಯಿಸುವ ಹಾಗೆ.

ಒಂದು ಕಡೆ ಗೋಡೆಯ ಬಣ್ಣ ಬೇರೆಯಾಗಿತ್ತು. ಕಪ್ಪು ಕಲ್ಲಿನ ನಡುವೆ ಕೆಂಪು ಕಲ್ಲಿನ ದೊಡ್ಡ ತೇಪೆ. “ಇದೇನು?” ಎಂದೆ.

“ನನ್ನ ಅಪ್ಪನ ಕಾಲದ್ದು. ಬಟ್ಟೆ ಮಾರ್ಲಿಕ್ಕೆ ಬಂದವನೊಬ್ಬ ಬದಲಿ ಬರುವವರೆಗೆ ಕಾಯ್ಲಿಲ್ಲ. ಮೆಲ್ಲಗೆ ಹೊರಗೆ ಜಾರಿದ. ಒಬ್ಬರು ಹೆಚ್ಚಾದ್ರೂ ಆಗುದಿಲ್ಲ, ಒಬ್ಬರು ಕಡಿಮೆಯಾದ್ರೂ ಆಗುದಿಲ್ಲ ಇದಕ್ಕೆ. ಇಷ್ಟುದ್ದ ಬಿತ್ತು. ಕೆಳಗೆ ಮನೆಗಳಿದ್ವು.”

ನಾನು ಕೆಳಗೆ ನೋಡಿದೆ. ತೇಪೆಯ ಬುಡದಲ್ಲಿ ಮನೆಗಳಿರಲಿಲ್ಲ, ಗೆಣಸಿನ ಬಳ್ಳಿ ಹಬ್ಬಿತ್ತು.

ಸಂಜೆ ಬಸ್ಸು ಬರುವ ಹೊತ್ತಿಗೆ ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಿನ ಒಳಗೆ ನಿಂತಿದ್ದೆ. ಬಸ್ಸು ಬಂತು. ಮೀನಿನ ಬುಟ್ಟಿಯವಳೊಬ್ಬಳು ಇಳಿದಳು, ಕೊಡೆ ಹಿಡಿದ ಒಬ್ಬರು ಇಳಿದರು. ಬಸ್ಸು ತಿರುಗಿಸಿಕೊಂಡು ಹೊರಟುಹೋಯಿತು. ಹಸಿರು ಸೀರೆ ಇಳಿಯಲಿಲ್ಲ. “ಇನ್ನೊಂದು ಬಸ್ಸುಂಟು” ಎಂದ ದೂಮಣ್ಣ. ಅದೂ ಬಂತು. ಅದರಿಂದ ಯಾರೂ ಇಳಿಯಲಿಲ್ಲ.

ಹಸನಬ್ಬನ ಅಂಗಡಿಯಲ್ಲಿ ಫೋನಿತ್ತು. ನಾನು ಹೊಸ್ತಿಲಿನ ಒಳಗೆ, ಅವರು ಹೊರಗೆ. ಸುಕನ್ಯಾಳಿಗೆ ಅವರೇ ಫೋನು ಮಾಡಿ, ಅವಳು ಹೇಳಿದ್ದನ್ನು ನನಗೆ ಕೂಗಿ, ನಾನು ಕೂಗಿದ್ದನ್ನು ಅವಳಿಗೆ ಹೇಳಿದರು. “ನಿಮ್ಮ ತಂಗಿ ಅಳ್ತಿದ್ದಾರೆ. ಬಿ.ಪಿ. ಮಾತ್ರೆ ಉಂಟಾ ಅಂತ ಕೇಳ್ತಾರೆ.” ಇಲ್ಲವೆಂದೆ. “ಅದನ್ನು ನಾನು ತರಿಸಿ ಕೊಡ್ತೇನೆ ಅಂತ ಹೇಳಿದೆ. ನಿಮ್ಮ ಬದಲಿಗೆ ಅವರು ಬರ್ಲಾ ಅಂತ ಕೇಳ್ತಾರೆ.” ಬೇಡವೇ ಬೇಡ ಎಂದು ಜೋರಾಗಿ ಕೂಗಿದೆ. ಅವಳು ಬಂದು ಸಿಕ್ಕಿಬಿದ್ದರೆ ಹೊರಗೆ ನಿಂತು ನಾನು ಮಾಡುವುದೇನು?

ಮಾರನೆಯ ದಿನವೂ ಗುಲಾಬಿ ಬರಲಿಲ್ಲ. ಅದರ ಮಾರನೆಯ ದಿನವೂ. ಅವಳ ತವರಿನ ಅಂಗಡಿಯೊಂದಕ್ಕೆ ಹಸನಬ್ಬ ಫೋನು ಮಾಡಿಸಿದರು. ತಾಯಿಯನ್ನು ಪೇಟೆಯ ಆಸ್ಪತ್ರೆಗೆ ಸೇರಿಸಿದ್ದಾರೆ, ಮಗಳು ಜೊತೆಗಿದ್ದಾಳೆ ಎಂಬುದಷ್ಟೇ ತಿಳಿಯಿತು. ನನ್ನ ಜಾಗಕ್ಕೆ ಬೇರೆ ಯಾರಾದರೂ ಬರುತ್ತಾರೆಯೇ ಎಂದು ಅವರು ದಾರಿಹೋಕರನ್ನೆಲ್ಲ ಕೇಳಿದರು. ವಾಪಸು ಬರುವ ಖಾತ್ರಿಯಿಲ್ಲದ ಜಾಗಕ್ಕೆ ಯಾರು ಬರುತ್ತಾರೆ? ಗೋಡೆ ನೋಡಲು ಬಂದವರೂ ಹೊರಗಿನಿಂದಲೇ ಫೋಟೋ ತೆಗೆದುಕೊಂಡು ಹೋದರು.

ಊರಿನವರು ನನಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಅದೇ ನನ್ನ ಭಯವನ್ನು ಹೆಚ್ಚಿಸಿತು. ನಾನು ಬಾಗಿಲಿನ ಕಡೆ ನಡೆದರೆ ಸಾಕು, ಯಾರಾದರೂ ಒಬ್ಬ ಹೆಂಗಸು ಪಕ್ಕದಲ್ಲಿ ನಡೆಯುತ್ತಿದ್ದಳು. “ಎಲ್ಲಿಗೆ ಅಕ್ಕಾ? ನಾನೂ ಆ ಕಡೆಗೇ” ಎನ್ನುತ್ತಿದ್ದಳು. ಮನೆಗೆ ಗೆಣಸು ಕೊಟ್ಟು ಕಳಿಸುತ್ತಿದ್ದರು, ಮೀನು ಕೊಟ್ಟು ಕಳಿಸುತ್ತಿದ್ದರು. ಕೊಡುವಾಗ ನನ್ನ ಕಾಲನ್ನು ನೋಡುತ್ತಿದ್ದರು. ಆಡುಗಳು, ಕೋಳಿಗಳು ಹೊಸ್ತಿಲು ದಾಟಿ ಬೇಕಾದಷ್ಟು ಸಲ ಹೋಗಿ ಬಂದು ಮಾಡುತ್ತಿದ್ದವು. ಅವು ಲೆಕ್ಕಕ್ಕಿಲ್ಲ. ಕಿವಿ ಹರಿದ ಒಂದು ಆಡು ಹೊರಗಿನ ಹುಲ್ಲು ಮೇಯುವುದನ್ನು ನೋಡುತ್ತ ನನಗೆ ಅಳು ಬಂದುಬಿಟ್ಟಿತು.

ಮನೆಯಲ್ಲಿ ಗುಲಾಬಿಯ ಚಾಪೆ, ಗುಲಾಬಿಯ ತಟ್ಟೆ, ನನಗೆ ಬಿಗಿಯಾಗುವ ಗುಲಾಬಿಯ ರವಿಕೆ. ಶಶಿ ನನ್ನ ಜೊತೆ ಮಾತಾಡುತ್ತಿರಲಿಲ್ಲ. ತಲೆ ಬಾಚಲು ಕರೆದರೆ ಓಡುತ್ತಿದ್ದಳು. ಒಂದು ಬೆಳಿಗ್ಗೆ ದೂಮಣ್ಣ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದಾಗ ನಾನು ನೇರವಾಗಿ ಕೇಳಿದೆ. “ಅವಳು ಬರ್ತಾಳಾ?”

ಅವನ ಕೈ ನಿಲ್ಲಲಿಲ್ಲ. “ನಮ್ಮ ಮದುವೆಯಾದಾಗ ನನ್ನ ತಂಗಿ ಹೊರಗೆ ಹೋದ್ಲು, ಅವಳ ಜಾಗಕ್ಕೆ ಇವಳು ಬಂದ್ಲು. ಅಂದಿನಿಂದ ಹೊರಗೆ ಕಾಲಿಡ್ಲಿಲ್ಲ. ಯಾವಾಗಲೂ ಯಾರದ್ದಾದ್ರೂ ಸರದಿ. ಒಬ್ಬರಿಗೆ ಆಸ್ಪತ್ರೆ, ಇನ್ನೊಬ್ಬರಿಗೆ ಕೋರ್ಟು. ಒಮ್ಮೆ ಹೇಳಿದ್ಲು, ಹೊರಗೆ ಹೋದ್ರೆ ವಾಪಸು ಬರ್ಲಿಕ್ಕೆ ಕಾಲು ಬರ್ತದೋ ಇಲ್ವೋ ಅಂತ. ಆದ್ರೂ ಈ ಸಲ ನಾನೇ ಎಲ್ಲರ ಹತ್ರ ಬೇಡಿ ಸರದಿ ಕೊಡಿಸಿದೆ. ಅಮ್ಮ ಅಲ್ವಾ?”

“ಅಂದ್ರೆ?”

“ಗೊತ್ತಿಲ್ಲ ಅಕ್ಕ” ಎಂದ. “ನನಗೆ ಗೊತ್ತಿದ್ರೆ ನಿಮಗೆ ಹೇಳ್ತಿದ್ದೆ.”

ನನಗೆ ಸಿಟ್ಟು ಬಂತು. ಗೊತ್ತಿದ್ದೂ ನನ್ನನ್ನು ಒಳಗೆ ಬಿಟ್ಟಿರಲ್ಲ ಎಂದು ಕೂಗಾಡಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಒಳಗಿನಿಂದ ಶಶಿ ಬಂದು ಅಪ್ಪನ ಪಕ್ಕದಲ್ಲಿ ಕೂತು ಹಗ್ಗದ ತುದಿ ಹಿಡಿದುಕೊಂಡಳು. ಆಮೇಲೆ ಕೂಗಲು ಆಗಲಿಲ್ಲ.

ಪಕ್ಕದ ಮನೆ ಐತಪ್ಪ ಎಂಬ ಮುದುಕರದು. ಹೆಂಡತಿ ಇರಲಿಲ್ಲ. ಮಗ ಸಂಜೀವ, ತುಂಬು ಬಸುರಿಯಾದ ಸೊಸೆ ವಿಮಲ. ಆ ಊರಿನಲ್ಲಿ ಮಗು ಹುಟ್ಟಿದರೆ ಆ ಮನೆಯ ಒಬ್ಬರು ಹೊರಗೆ ಹೋಗಿ ಅಲ್ಲೇ ನೆಲೆಸಬೇಕು. ಸತ್ತವರ ಹೆಣವನ್ನು ಹೊರಗೆ ಒಯ್ಯುವ ದಿನ ಮಾತ್ರ ಯಾರಾದರೂ ಒಬ್ಬರು ಮರಳಿ ಬರಬಹುದು, ಅದಕ್ಕೂ ಉದ್ದದ ಸಾಲು. ವಿಮಲಳ ಮಗುವಿಗೆ ಜಾಗ ಬಿಡುವವರು ಐತಪ್ಪಜ್ಜ ಎಂದು ಮೊದಲೇ ನಿಶ್ಚಯವಾಗಿತ್ತು. ಅವರ ಬಟ್ಟೆಯ ಗಂಟು ಜಗಲಿಯ ಮೂಲೆಯಲ್ಲಿ ಕಟ್ಟಿಯೇ ಇತ್ತು. ಹೊರಗೆ ಅವರಿಗೆ ಯಾರಿದ್ದಾರೆ ಎಂದು ನಾನು ಒಮ್ಮೆ ಕೇಳಿದ್ದೆ. “ನನಗೆ ಯಾರೂ ಇಲ್ಲ. ಬಸ್ಸು ಎಲ್ಲಿಗೆ ಹೋಗ್ತದೋ ಅಲ್ಲಿಗೆ ಹೋಗುದು” ಎಂದಿದ್ದರು. ಅವರು ಹುಟ್ಟಿದ್ದು ಒಳಗೆ. ಒಮ್ಮೆಯೂ ಹೊರಗೆ ಹೋದವರಲ್ಲ.

ಒಂದು ಮಧ್ಯಾಹ್ನ ವಿಮಲಳಿಗೆ ನೋವು ಶುರುವಾಯಿತು. ಹೆಂಗಸರು ಒಳಗೆ ಹೋದರು. ನಾನು ಅಂಗಳದಲ್ಲಿ ನಿಂತಿದ್ದೆ. ಸಂಜೀವ ಹೊರಗೆ ಬಂದವನು ನನ್ನನ್ನು ನೋಡಿ ತಟಕ್ಕನೆ ನಿಂತ. ಅವನ ತಲೆಯಲ್ಲಿ ಆ ಕ್ಷಣ ಹೊಳೆದದ್ದು ನನ್ನ ತಲೆಯಲ್ಲೂ ಹೊಳೆಯಿತು.

“ಅಕ್ಕಾ” ಎಂದ. “ಮಗು ಬಂದ ಕೂಡಲೇ ಒಬ್ಬರು ಹೆಚ್ಚಾಗ್ತಾರೆ. ನೀವು ಹೋಗ್ಬಹುದು. ನೀವೇ ಹೋಗಿ. ಅಪ್ಪ ಇಲ್ಲೇ ಇರ್ಲಿ.”

ನನ್ನ ಮೈಯೆಲ್ಲ ಹಗುರವಾಯಿತು. ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆ ಎಂದು ಹುಡುಕತೊಡಗಿದೆ. ಆಗ ಹಿಂದಿನಿಂದ ದೂಮಣ್ಣನ ದನಿ. “ಇವರು ಹೋದ್ರೆ ಗುಲಾಬಿಗೆ ಜಾಗ ಎಲ್ಲಿ?”

“ಗುಲಾಬಿ ಬಂದ ದಿನ ಅಪ್ಪ ಹೋಗ್ತಾರೆ.”

“ಆ ದಿನ ನೀನು ಕಳಿಸ್ತೀಯಾ ಸಂಜೀವ? ನನ್ನ ಮುಖ ನೋಡಿ ಹೇಳು. ತೊಟ್ಟಿಲಲ್ಲಿ ಮಗು ಆಡ್ತಿರ್ತದೆ, ಅಜ್ಜ ತೂಗ್ತಿರ್ತಾರೆ, ಆಗ ಕಳಿಸ್ತೀಯಾ?”

ಸಂಜೀವ ಮುಖ ನೋಡಲಿಲ್ಲ. “ಬಿಟ್ಟುಹೋದವಳು ಅವಳು. ಅವಳಿಗೋಸ್ಕರ ಈ ಅಕ್ಕ ಎಷ್ಟು ದಿನ ಇಲ್ಲಿ ಕೊಳೀಬೇಕು?”

ಅಷ್ಟರಲ್ಲಿ ಒಳಗೆ ಮಗು ಅತ್ತಿತು. ಆ ಅಳುವಿನ ಹಿಂದೆಯೇ ಗೋಡೆಯಿಂದ ಸದ್ದು ಬಂತು. ಬೀಸುವ ಕಲ್ಲು ತಿರುಗಿದ ಹಾಗೆ, ಗೊರ ಗೊರ. ಕಲ್ಲಿನ ಸಂದುಗಳಿಂದ ಮರಳು ಸಣ್ಣಗೆ ಸುರಿಯತೊಡಗಿತು. ಮನೆಮನೆಗಳಿಂದ ಜನ ಮಕ್ಕಳನ್ನು ಎತ್ತಿಕೊಂಡು ಬಯಲಿಗೆ ಓಡಿದರು. ಬಾಣಂತಿಯನ್ನು ಮಾತ್ರ ಎಲ್ಲಿಗೂ ಎತ್ತುವ ಹಾಗಿರಲಿಲ್ಲ. ಅವಳೂ ಮಗುವೂ ಆ ಗೋಡೆಯ ಬುಡದಲ್ಲೇ ಇದ್ದರು.

ಐತಪ್ಪಜ್ಜ ಗಂಟನ್ನು ಎತ್ತಿಕೊಂಡಿದ್ದರು. ಅದನ್ನು ಕೆಳಗಿಟ್ಟು ದೂಮಣ್ಣನ ಹತ್ತಿರ ಬಂದರು. “ನೋಡು ಮಾರಾಯ. ಈಗ ನಾನು ಹೋದ್ರೂ ಆಗ್ತದೆ, ಇವರು ಹೋದ್ರೂ ಆಗ್ತದೆ. ಇವರು ಹೋದ್ರೆ ಸ್ವಲ್ಪ ದಿನ ಮಗುವನ್ನು ನೋಡ್ಲಿಕ್ಕೆ ಸಿಗ್ತದೆ ನನಗೆ. ನಿನ್ನ ಹೆಂಡತಿ ಬಂದ ದಿನ ನಾನು ಹೊರಗೆ. ಇದು ನನ್ನ ಮಾತು, ಇವನದ್ದಲ್ಲ.”

ಸಂದಿನಿಂದ ಮುಷ್ಟಿಯಷ್ಟು ಕಲ್ಲೊಂದು ಜಗಲಿಯ ಮೇಲೆ ಬಿತ್ತು. ನಾನು ಬರಿಗಾಲಲ್ಲೇ ಓಡಿದೆ.

ಬಾಗಿಲಿನ ಹತ್ತಿರ ಯಾರೋ ನನ್ನ ಸೆರಗು ಹಿಡಿದೆಳೆದರು. ಶಶಿ. ಏದುಸಿರು ಬಿಡುತ್ತಿದ್ದಳು. ಅಷ್ಟು ದಿನಗಳಲ್ಲಿ ಅವಳು ತಾನಾಗಿ ನನಗೆ ಹೇಳಿದ ಮೊದಲ ಮಾತು ಅದು. “ಅಮ್ಮನಿಗೆ ಹೇಳಿ, ನನ್ನ ಹಲ್ಲು ಬಿತ್ತು ಅಂತ. ಅಳ್ಲಿಲ್ಲ ಅಂತ್ಲೂ ಹೇಳಿ.” ತುಟಿ ಎತ್ತಿ ತೋರಿಸಿದಳು. ನಾನು ಸೆರಗು ಬಿಡಿಸಿಕೊಂಡು ಹೊಸ್ತಿಲು ದಾಟಿದೆ. ಹಿಂದೆ ಗೋಡೆಯ ಸದ್ದು ನಿಂತಿತು.

ಹಸನಬ್ಬ ನನಗೆ ನೀರು ಕೊಟ್ಟರು, ಚಪ್ಪಲಿ ಕೊಟ್ಟರು, ಬಸ್ಸಿಗೆ ದುಡ್ಡೂ ಕೊಟ್ಟರು. ಎರಡು ಬಸ್ಸು ನಿಂತಿದ್ದವು. ಒಂದು ನಮ್ಮೂರಿನ ಕಡೆ ಹೋಗುವುದು, ಇನ್ನೊಂದು ಗುಲಾಬಿಯ ತಾಯಿಯಿದ್ದ ಪೇಟೆಗೆ. ನಮ್ಮೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಕಂಡಕ್ಟರ್ ಟಿಕೆಟ್ ಕೇಳಲು ಬಂದಾಗ ಎದ್ದುನಿಂತೆ. ದೊಡ್ಡ ಮನಸ್ಸು ಮಾಡಿ ಎದ್ದದ್ದಲ್ಲ. ಮನೆಗೆ ಹೋಗಿ ಮೆಷಿನ್ನಿನ ಮುಂದೆ ಕೂತರೂ ಗುಲಾಬಿ ಬಂದಳೋ ಇಲ್ಲವೋ ಎಂದು ಕೊರೆಯುತ್ತಲೇ ಇರುತ್ತದೆ ಎಂದು ಹೆದರಿಕೆಯಾಯಿತು. ಇಳಿದು ಇನ್ನೊಂದು ಬಸ್ಸು ಹತ್ತಿದೆ.

ಆಸ್ಪತ್ರೆಯ ಹೆಂಗಸರ ವಾರ್ಡಿನ ಹೊರಗೆ, ಬೆಂಚಿನ ಮೇಲೆ ಗುಲಾಬಿ ಸಿಕ್ಕಳು. ಅದೇ ಹಸಿರು ಸೀರೆ, ಈಗ ಮುದುಡಿತ್ತು. ನನ್ನನ್ನು ಕಂಡದ್ದೇ ಎದ್ದು ಗೋಡೆಗೆ ಒರಗಿ ನಿಂತಳು. ಒಳಗೆ ಮಂಚದ ಮೇಲೆ ಅವಳ ತಾಯಿ ಎದ್ದು ಕೂತು ಬ್ರೆಡ್ಡು ತಿನ್ನುತ್ತಿದ್ದರು.

“ಚೆನ್ನಾಗಿದ್ದಾರಲ್ಲ!” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ಹೌದು. ಈಗ ಪರವಾಗಿಲ್ಲ.” ಆಮೇಲೆ ಅವಳೇ ಹೇಳಿದಳು. “ಮೊದಲನೇ ದಿನ ಸಂಜೆ ಬಸ್‌ಸ್ಟ್ಯಾಂಡಿಗೆ ಬಂದಿದ್ದೆ ಅಕ್ಕ. ಬಸ್ಸು ಬಂತು, ಹತ್ತಲಿಲ್ಲ. ಮರುದಿನವೂ ಬಂದೆ. ದಿನಾ ಬರ್ತೇನೆ. ಬಸ್ಸು ಹೋದ ಮೇಲೆ ಪೇಟೆಯಲ್ಲಿ ಸುಮ್ಮನೆ ನಡೀತೇನೆ. ಈ ರಸ್ತೆ ಹಿಡಿದು ಹೋದ್ರೆ ಎಲ್ಲಿಗೋ ಹೋಗ್ತದೆ, ಅಲ್ಲಿಂದ ಇನ್ನೆಲ್ಲಿಗೋ ಹೋಗ್ತದೆ. ಎಲ್ಲಿಯೂ ಗೋಡೆ ಸಿಗುದಿಲ್ಲ. ಇವತ್ತೊಂದು ದಿನ, ಇವತ್ತೊಂದು ದಿನ ಅಂತ…”

“ಮಗಳನ್ನು ಬಿಟ್ಟು?”

“ಅವಳು ನೆನಪಾದಾಗಲೇ ಬಸ್‌ಸ್ಟ್ಯಾಂಡಿಗೆ ಓಡುದು.”

“ನಾನು ಅಲ್ಲಿದ್ದೇನೆ ಅಂತ ನಿನಗೆ ನೆನಪಾಗಲಿಲ್ಲವಾ? ನಿನ್ನ ತಟ್ಟೆಯಲ್ಲಿ ಉಣ್ಣುತ್ತಾ, ನಿನ್ನ ರವಿಕೆ ಹಾಕಿಕೊಂಡು? ನಾನು ಮನುಷ್ಯಳಲ್ಲವಾ?”

ನರ್ಸ್ ಬಂದು ಸದ್ದು ಮಾಡಬೇಡಿ ಎಂದರು. ನಾನು ಬೆಂಚಿನ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ಮಗು, ಗೋಡೆಯ ಸದ್ದು, ಐತಪ್ಪಜ್ಜ ಕೊಟ್ಟ ಮಾತು.

“ಅಂದ್ರೆ ಈಗ ಅಲ್ಲಿ ನನ್ನ ಜಾಗ ಇಲ್ಲ?”

“ಅಜ್ಜ ಹೊರಗೆ ಬಂದರೆ ಇದೆ.”

“ಅಜ್ಜ ಬಂದಾರು. ಸಂಜೀವ ಬಿಡ್ಬೇಕಲ್ಲ!” ಚೀಲಕ್ಕೆ ಬಟ್ಟೆ ತುಂಬತೊಡಗಿದಳು. ಅವಸರದಲ್ಲಿ ಬಾಚಣಿಗೆ ಕೆಳಗೆ ಬಿತ್ತು. ಬೇಕೆಂದಾಗ ಹೋಗಬಹುದು ಎಂದು ತಿಳಿದಿದ್ದವಳಿಗೆ, ಹೋಗಲು ಆಗದೇ ಇರಬಹುದು ಎಂಬುದು ಆಗಷ್ಟೇ ತಟ್ಟಿತ್ತು. ಆಗ ನಾನು ಹಲ್ಲಿನ ಮಾತು ಹೇಳಿದೆ, ಅಳಲಿಲ್ಲವಂತೆ ಎಂದೂ ಹೇಳಿದೆ. ಅವಳು ಬಾಚಣಿಗೆ ಹಿಡಿದುಕೊಂಡು ನೆಲದ ಮೇಲೆಯೇ ಕೂತುಬಿಟ್ಟಳು. ತಾಯಿ ಮಂಚದಿಂದ “ಹೋಗು ಮಗಾ, ನನಗೆಂತದ್ದೂ ಇಲ್ಲ, ಹೋಗು” ಎನ್ನುತ್ತಿದ್ದರು.

ಮರುದಿನ ಬೆಳಗಿನ ಬಸ್ಸಿಗೆ ಇಬ್ಬರೂ ಗೋಡೆಯ ಹತ್ತಿರ ಇಳಿದೆವು. ಹಸನಬ್ಬ ಬಾಗಿಲಿನಲ್ಲಿ ನಿಂತು ಒಳಗೆ ಕೂಗಿ ಹೇಳಿದರು. ದೂಮಣ್ಣ ಓಡಿ ಬಂದ, ಅವನ ಕೈ ಹಿಡಿದು ಶಶಿ. ಗುಲಾಬಿ ಹೊಸ್ತಿಲಿನ ಹೊರಗೆ, ಅವರು ಒಳಗೆ. ಕೈ ಚಾಚಿದರೆ ಮುಟ್ಟುವಷ್ಟು ದೂರ. ಶಶಿ ಮುಂದೆ ನುಗ್ಗಿದಳು. ದೂಮಣ್ಣ ಅವಳನ್ನು ಸೊಂಟ ಬಳಸಿ ಎತ್ತಿ ಹಿಂದಕ್ಕೆ ಸರಿದ. ಮಗುವಿನ ಒಂದು ಕಾಲು ಹೊರಗೆ ಬಿದ್ದರೂ ಗೋಡೆಗೆ ಗೊತ್ತಾಗುತ್ತದೆ. ಅಜ್ಜನ ಮನೆಗೆ ಆಳು ಹೋಯಿತು.

ಬಂದದ್ದು ಸಂಜೀವ. ಕೈಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದ. “ಅಪ್ಪನಿಗೆ ನಿನ್ನೆಯಿಂದ ಜ್ವರ. ಏಳ್ಲಿಕ್ಕೆ ಆಗುದಿಲ್ಲ. ಸ್ವಲ್ಪ ಕಡಿಮೆಯಾಗ್ಲಿ, ಆಮೇಲೆ ನೋಡುವ.”

ಸುತ್ತ ನೆರೆದವರು ನೆಲ ನೋಡಿದರು. ದೂಮಣ್ಣ ನಕ್ಕ. ಅಂಥ ನಗುವನ್ನು ಮತ್ತೆ ಕೇಳುವ ಆಸೆ ನನಗಿಲ್ಲ. “ಜ್ವರ” ಎಂದ. “ಆಯ್ತು. ಜ್ವರ.”

“ಆಣೆ ಮಾಡಿ ಹೇಳ್ತೇನೆ ದೂಮಣ್ಣ.”

“ಬೇಡ. ಆಣೆಗೀಣೆ ಬೇಡ.”

ಗುಲಾಬಿ ಹೊಸ್ತಿಲಿನ ಎದುರು ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತಳು. ಬಿಸಿಲು ಏರುತ್ತಿತ್ತು. ನಾನು ಅವಳನ್ನು ಇಲ್ಲಿಯವರೆಗೆ ಕರೆತಂದು ಇನ್ನೂ ದೊಡ್ಡ ಕಷ್ಟಕ್ಕೆ ನೂಕಿದೆನೇ ಎಂದು ಅನ್ನಿಸುತ್ತಿತ್ತು. ಸಂಜೀವ ಹೋಗಲೂ ಇಲ್ಲ, ಇರಲೂ ಇಲ್ಲ, ನಾಲ್ಕು ಹೆಜ್ಜೆ ಆಚೆ ಈಚೆ ನಡೆಯುತ್ತಿದ್ದ. ಶಶಿ ಅಪ್ಪನ ಹೆಗಲಿನಿಂದಲೇ ತುಟಿ ಎತ್ತಿ ಅಮ್ಮನಿಗೆ ಹಲ್ಲಿನ ಜಾಗ ತೋರಿಸಿದಳು.

ಆಗ ಐತಪ್ಪಜ್ಜ ಬಂದರು. ಒಂದು ಕೈಯಿಂದ ಜಗಲಿಗಳ ಕಂಬ ಹಿಡಿಯುತ್ತ, ಇನ್ನೊಂದು ಕೈಯಲ್ಲಿ ಗಂಟು ಹಿಡಿದು, ಮನೆಗಳ ಸಾಲಿನುದ್ದಕ್ಕೆ ಒಂದೊಂದೇ ಹೆಜ್ಜೆ ಇಡುತ್ತ ಬಂದರು. ಹೆಗಲಿಗೆ ಕಂಬಳಿ. ಸಂಜೀವ ಓಡಿಹೋಗಿ ಎದುರು ನಿಂತ. “ಅಪ್ಪಾ, ನಾಳೆ ಹೋದ್ರೆ ಆಗುದಿಲ್ವಾ? ನಾಳೆ ನಾನೇ ಕಳಿಸ್ತೇನೆ.”

“ನಾಳೆಯೂ ನೀನು ಇದನ್ನೇ ಹೇಳ್ತೀ” ಎಂದರು ಅಜ್ಜ. “ನಾಳೆ ನನಗೂ ಹೌದು ಅಂತ ಕಾಣ್ತದೆ. ಆ ಮಗು ಬೆರಳು ಹಿಡಿದ್ರೆ ಬಿಡುದಿಲ್ಲ ಮಾರಾಯ. ಇವತ್ತೇ ಆಗ್ಲಿ.” ಮಗನನ್ನು ಪಕ್ಕಕ್ಕೆ ಸರಿಸಿ ಹೊಸ್ತಿಲಿಗೆ ಬಂದು ನಿಂತರು. ಗುಲಾಬಿ ಎದ್ದಳು. ಒಟ್ಟಿಗೆ ಕಾಲಿಟ್ಟರು. ದಾಟುವಾಗ ಅವಳು ಅಜ್ಜನ ಮೊಣಕೈ ಹಿಡಿದಳು, ಕೈ ಬಿಡಿಸುವವರೆಗೂ ಹಿಡಿದೇ ಇದ್ದಳು. ಮರುಕ್ಷಣ ಶಶಿ ಅವಳ ಕುತ್ತಿಗೆಗೆ ಜೋತುಬಿದ್ದಿದ್ದಳು.

ಇತ್ತ ಅಜ್ಜ ಜೋಲಿ ಹೊಡೆದರು. ನಾನು ಹಿಡಿದುಕೊಂಡೆ. ಮುಟ್ಟಿದ ಕೈಯನ್ನು ಹಿಂತೆಗೆಯಬೇಕು ಅನ್ನಿಸುವಷ್ಟು ಸುಡುತ್ತಿತ್ತು ಅವರ ಮೈ.

“ನಿಜವಾಗಿಯೂ ಜ್ವರ!” ಎಂದೆ. ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಬಂತು ಆ ಮಾತು. ಒಳಗೆ ಸಂಜೀವ ಬಾಗಿಲಿನ ಕಲ್ಲಿಗೆ ಹಣೆ ಒತ್ತಿ ನಿಂತ. “ನಾನು ಸುಳ್ಳು ಹೇಳ್ಲಿಲ್ಲ. ಸುಳ್ಳು ಹೇಳ್ಲಿಲ್ಲ ನಾನು” ಎಂದು ಅಳುತ್ತಿದ್ದ. ದೂಮಣ್ಣ ಅವನ ಹತ್ತಿರ ಹೋದ. ಹೆಗಲ ಮೇಲೆ ಕೈ ಇಡಲು ಎತ್ತಿದ, ಇಡಲಾಗದೆ ಹಾಗೇ ನಿಂತ.

ಆಮೇಲೆ ಯೋಚಿಸಲು ಏನಿತ್ತು? ಅಜ್ಜನನ್ನು ಬಸ್ಸಿಗೆ ಹತ್ತಿಸಿದೆ. ಪೇಟೆಯ ಅದೇ ಆಸ್ಪತ್ರೆಯಲ್ಲಿ ತೋರಿಸಿದೆ. ಸೂಜಿ ಚುಚ್ಚಿದರು, ಗ್ಲುಕೋಸ್ ಹಾಕಿದರು, ಜ್ವರ ಇಳಿಯುವವರೆಗೆ ಇಟ್ಟುಕೊಂಡರು. ಎಚ್ಚರವಾದಾಗ ಅವರು ನನ್ನನ್ನು ನೋಡಿ “ನೀವು ಆ ದಿನ ನೇರ ನಿಮ್ಮ ಮನೆಗೆ ಹೋಗಿದ್ರೆ ನಾನಿನ್ನೂ ಒಳಗಿರ್ತಿದ್ದೆ” ಎಂದರು. ಬೈಗುಳವಾಗಿ ಹೇಳಲಿಲ್ಲ, ಲೆಕ್ಕ ಸರಿನೋಡಿದ ಹಾಗೆ ಹೇಳಿದರು. “ಹೌದು ಅಜ್ಜ” ಎಂದೆ. “ನಮ್ಮ ಮನೆಗೆ ಬನ್ನಿ” ಎಂದೂ ಅಂದೆ. ಅವರು ಚಾವಣಿಯ ಫ್ಯಾನು ನೋಡುತ್ತ “ದೂರವಾ?” ಎಂದು ಕೇಳಿದರು.

ದಾರಿಯುದ್ದಕ್ಕೂ ನನ್ನ ಮಣಿಕಟ್ಟು ಹಿಡಿದೇ ಕೂತಿದ್ದರು. ಬಸ್ಸು ತಿರುವಿನಲ್ಲಿ ವಾಲಿದಾಗೆಲ್ಲ ಹಿಡಿತ ಬಿಗಿಯಾಗುತ್ತಿತ್ತು. ಘಟ್ಟ ಹತ್ತಿ ಸಮುದ್ರ ಕಾಣದಾದಾಗ ಕಣ್ಣು ಮುಚ್ಚಿದವರು ಮತ್ತೆ ತೆರೆದದ್ದು ನಮ್ಮೂರಿನಲ್ಲೇ.

ಸುಕನ್ಯಾ ಒಳಗೆ ಅಡುಗೆ ಮಾಡುತ್ತಿದ್ದಳು. ನಾನು ಬಾಗಿಲು ತೆರೆದು ಒಳಗೆ ಹೋಗಿ “ಬನ್ನಿ ಅಜ್ಜ” ಎಂದೆ. ಅಜ್ಜ ಗಂಟು ಹಿಡಿದು ಮೆಟ್ಟಿಲ ಮೇಲೆಯೇ ನಿಂತಿದ್ದರು.

“ಯಾರಾದ್ರೂ ಒಬ್ಬರು ಹೊರಗೆ ಬರ್ಲಿ” ಎಂದರು. “ಆಮೇಲೆ ಬರ್ತೇನೆ.”

“ಇಲ್ಲಿ ಹಾಗೇನಿಲ್ಲ. ಬನ್ನಿ.”

ಅವರು ಕದಲಲಿಲ್ಲ. ನಮ್ಮ ಮನೆಯ ಸುಣ್ಣ ಹಚ್ಚಿದ ಗೋಡೆಯನ್ನು, ಹೆಂಚಿನ ಮಾಡನ್ನು ಭಯದಿಂದ ನೋಡುತ್ತಿದ್ದರು. ನಾನು ಸುಕನ್ಯಾಳನ್ನು ಕರೆದು ಕಣ್ಣಿನಲ್ಲೇ ಹೇಳಿದೆ. ಅವಳಿಗೆ ಏನು ಅರ್ಥವಾಯಿತೋ, ಸೌಟು ಹಿಡಿದುಕೊಂಡೇ ಹೊಸ್ತಿಲಿಗೆ ಬಂದು ನಿಂತಳು. ಅಜ್ಜ ತಲೆಯಾಡಿಸಿದರು. ಒಟ್ಟಿಗೆ ಕಾಲಿಟ್ಟರು. ಅವರು ಒಳಗೆ, ಅವಳು ಹೊರಗೆ.

“ನಾನೀಗ ಒಳಗೆ ಬರಬಹುದಾ?” ಎಂದು ಸುಕನ್ಯಾ ಮೆಲ್ಲಗೆ ಕೇಳಿದಳು. ಸಾರು ಉಕ್ಕುವ ವಾಸನೆ ಬರುತ್ತಿತ್ತು. ಅಜ್ಜ ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಅವಳು ಬಂದಳು. ಮೂವರೂ ಪಡಸಾಲೆಯ ನಡುವೆ ಉಸಿರು ಹಿಡಿದು ನಿಂತೆವು, ನಾನೂ ಅವರಷ್ಟೇ ಕಿವಿಗೊಟ್ಟು.